ಚರ್ಚಿನ ಆರ್ಗನ್ ಸರಿಯಾಗಿ ನುಡಿಯುತ್ತಿಲ್ಲವೇ? ಹೀಗೆ ಮಾಡಿ ನೋಡಿ

ಆರಾಧನೆ ಮುಗಿದು ಗೇಟಿನ ಹತ್ತಿರ ನಿಂತಾಗ ನಮ್ಮ ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಆಗಾಗ ಕೇಳುವ ಮಾತು ಇದು: "ಇವತ್ತು ಆರ್ಗನ್ ಏನಾಗಿತ್ತು?" ಒಬ್ಬರು ತಲೆ ಆಡಿಸುತ್ತಾರೆ, ಇನ್ನೊಬ್ಬರು ಹಿಂದೆ ನುಡಿಸುತ್ತಿದ್ದವರನ್ನು ನೆನೆಯುತ್ತಾರೆ, ಅಷ್ಟರಲ್ಲಿ ಬುಕ್ ಮಾಡಿದ ಆಟೋ ಬರುತ್ತದೆ, ಎಲ್ಲರೂ ಮನೆಗೆ ಹೊರಡುತ್ತಾರೆ. ಮುಂದಿನ ಭಾನುವಾರ ಮತ್ತೆ ಅದೇ ಕಥೆ. ನುಡಿಸುವವರಿಗೆ ಮಾತ್ರ ಯಾರೂ ಏನೂ ಹೇಳಿರುವುದಿಲ್ಲ.

ಕಮಿಟಿಯಲ್ಲಿರುವವರು, ಕ್ವಾಯರ್ ನಡೆಸುವವರು, ಬೆಂಚಿನ ಮೇಲೆ ಕೂತು ನುಡಿಸುವವರು, ಮೂವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರ್ಗನಿಸ್ಟ್ ತಪ್ಪು ಅಂತ ನಾವು ಹೇಳುವುದರಲ್ಲಿ ದೊಡ್ಡ ಪಾಲು ಸಭೆ ಅವರಿಗೆ ಕೊಡಬೇಕಾದ್ದನ್ನು ಕೊಡದೇ ಇರುವುದರಿಂದ ಆಗುತ್ತದೆ. ಹಾಡಿನ ಪಟ್ಟಿ ಮೊದಲೇ ಸಿಗುವುದಿಲ್ಲ. ಅಭ್ಯಾಸಕ್ಕೆ ಚರ್ಚಿನ ಬಾಗಿಲು ತೆರೆದಿರುವುದಿಲ್ಲ. ಪಾಠಕ್ಕೆ ದುಡ್ಡಿಲ್ಲ. ನೇರವಾಗಿ ಕೂತು ಮಾತಾಡುವವರೂ ಇಲ್ಲ. ಇಷ್ಟನ್ನು ಸರಿಮಾಡಿದರೆ ಸಾಧಾರಣವಾಗಿ ನುಡಿಸುವವರೂ ಸಭೆಯನ್ನು ಚೆನ್ನಾಗಿ ಹಾಡಿಸುತ್ತಾರೆ.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಆರ್ಗನಿಸ್ಟರ ಕಾಲೇಜು 1864ರಲ್ಲೇ ಶುರುವಾಗಿತ್ತು. ಆದರೂ ಊರೂರಿನ ಚರ್ಚ್‌ಗಳಲ್ಲಿ ಸಂಗೀತದ ಮಟ್ಟ ಸಾಲದು ಅಂತ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆರ್ಗನಿಸ್ಟ್ ಸಿಡ್ನಿ ನಿಕೋಲ್ಸನ್ 1927ರಲ್ಲಿ ಬೇರೆಯೇ ಒಂದು ಸಂಸ್ಥೆ ಕಟ್ಟಬೇಕಾಯಿತು. ಅದೇ ಇವತ್ತಿನ ರಾಯಲ್ ಸ್ಕೂಲ್ ಆಫ್ ಚರ್ಚ್ ಮ್ಯೂಸಿಕ್. ಅಷ್ಟು ಆರ್ಗನ್‌ಗಳಿರುವ ದೇಶದಲ್ಲೇ ಹೀಗಾದರೆ ನಮ್ಮಲ್ಲಿ ಕಷ್ಟ ಇರುವುದು ಸಹಜ ಅಲ್ವಾ? ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿರುವಂಥ ಪೈಪ್ ಆರ್ಗನ್ ಈ ಊರಿನಲ್ಲಿ ತೀರಾ ಅಪರೂಪ. ಉಳಿದ ಕಡೆ ಹೆಚ್ಚಾಗಿ ಡಿಜಿಟಲ್ ಆರ್ಗನ್, ಇಲ್ಲವೇ ಯಮಹಾ, ಕ್ಯಾಸಿಯೋ ಕೀಬೋರ್ಡ್. ಕೂರುವವರೂ ಸಾಮಾನ್ಯವಾಗಿ ಪಿಯಾನೋ ಕಲಿತವರು, ಅಥವಾ ಕೇಳಿ ಕೇಳಿ ಕಲಿತವರು.

1. ಮೊದಲು ಹಿಂದಿನ ಸಾಲಿನಲ್ಲಿ ಕೂತು ಕೇಳಿ

"ಸರಿಯಿಲ್ಲ" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಎರಡು ಮೂರು ಭಾನುವಾರ ಕೊನೆಯ ಸಾಲಿನಲ್ಲಿ ಕೂತು ಫೋನಿನಲ್ಲಿ ಬರೀ ಹಾಡುಗಳನ್ನು ರೆಕಾರ್ಡ್ ಮಾಡಿ. ನುಡಿಸುವವರಿಗೆ ಮೊದಲೇ ಹೇಳಿ ಮಾಡಿ, ಕದ್ದು ಬೇಡ. ಮನೆಯಲ್ಲಿ ಕೇಳುವಾಗ ಮೂರು ಪ್ರಶ್ನೆ ಸಾಕು. ಸಭೆಗೆ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಯಿತಾ? ಮೊದಲ ಚರಣದ ಓಟ ಕೊನೆಯ ಚರಣದಲ್ಲೂ ಇತ್ತಾ? ಮೇಲಿನ ಸ್ವರ ಬಂದಾಗ ಜನ ಹಾಡಿದರಾ, ಬಾಯಿ ಮುಚ್ಚಿಕೊಂಡರಾ?

ತಪ್ಪು ಸ್ವರ ಈ ಮೂರರಲ್ಲಿ ಇಲ್ಲ, ನೋಡಿ. ಬೇಕೆಂದೇ ಬಿಟ್ಟಿದ್ದೇನೆ. ಒಂದೆರಡು ಕೀ ತಪ್ಪಿದರೂ ಲಯ ಗಟ್ಟಿ ಇದ್ದರೆ ಸಭೆ ಹಾಡುತ್ತಾ ಹೋಗುತ್ತದೆ. ಒಂದೂ ಸ್ವರ ತಪ್ಪದೆ ಲಯ ಹೋದರೆ ಮೂರನೇ ಸಾಲಿಗೇ ಎಲ್ಲರೂ ಪುಸ್ತಕದೊಳಗೆ ಗೊಣಗಲು ಶುರು ಮಾಡುತ್ತಾರೆ.

ಲಯ ಹೋಗುವುದಕ್ಕೆ ಒಂದು ಕಾರಣ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಶಬ್ದಕ್ಕೆ 30 ಮೀಟರ್ ದಾಟಲು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದ ಹತ್ತಿರ ಬೇಕು. ಉದ್ದನೆಯ ಚರ್ಚಿನಲ್ಲಿ ಹಿಂದಿನ ಸಾಲಿನವರಿಗೆ ಆರ್ಗನ್ ಅಷ್ಟು ತಡವಾಗಿ ಕೇಳುತ್ತದೆ, ಅವರ ಹಾಡು ಆರ್ಗನ್ ಹತ್ತಿರ ಬರುವಾಗ ಮತ್ತೆ ಅಷ್ಟೇ ತಡ. ನಿಮಿಷಕ್ಕೆ 100 ಎಣಿಕೆಯ ಹಾಡಾದರೆ ಈ ಎರಡೂ ತಡ ಸೇರಿ ಒಂದು ಎಣಿಕೆಯ ಸುಮಾರು ಮೂರನೇ ಒಂದು ಭಾಗದಷ್ಟು. ನುಡಿಸುವವರು "ಸಭೆ ಹಿಂದೆ ಬಿದ್ದಿದೆ, ಪಾಪ ಕಾಯೋಣ" ಅಂದುಕೊಂಡರೆ ಮುಗಿಯಿತು, ಪ್ರತಿ ಸಾಲಿಗೂ ನಿಧಾನ, ಸಭೆ ಇನ್ನೂ ನಿಧಾನ, ಐದನೇ ಚರಣ ಮುಗಿಯುವಷ್ಟರಲ್ಲಿ ಹಾಡಿಗೆ ಜೀವವೇ ಇರುವುದಿಲ್ಲ. ಆರ್ಗನ್ ಸಭೆಗೆ ಕಾಯಬಾರದು, ನಡೆಸಬೇಕು. ಹತ್ತಿರದಲ್ಲಿ ನಿಂತ ಕ್ವಾಯರಿನ ಹಾಡನ್ನು ಕಿವಿಯಲ್ಲಿಟ್ಟುಕೊಂಡು, ಹಿಂದಿನಿಂದ ಬರುವ ಎಳೆತವನ್ನು ಬಿಟ್ಟುಬಿಡಬೇಕು. ಕಮಿಟಿಯವರು ನುಡಿಸುವವರ ಪಕ್ಕಕ್ಕೆ ಕ್ವಾಯರಿನ ದನಿ ಹತ್ತಿರದಲ್ಲೇ ಕೇಳಿಸುವ ಒಂದು ಸಣ್ಣ ಮಾನಿಟರ್ ಸ್ಪೀಕರ್ ಹಾಕಿಸಿಕೊಟ್ಟರೆ ಈ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ.

2. ಮಾತಾಡಿ, ಆದರೆ ವಾಟ್ಸಾಪ್ ಗುಂಪಿನಲ್ಲಿ ಬೇಡ

ಬಹಳ ಸಭೆಗಳಲ್ಲಿ ನುಡಿಸುವವರು ವರ್ಷಗಟ್ಟಲೆ ಬಿಡಿಗಾಸೂ ತೆಗೆದುಕೊಳ್ಳದೆ, ಮಳೆ ಬರಲಿ ಜ್ವರ ಬರಲಿ, ಎಲ್ಲರಿಗಿಂತ ಮುಂಚೆ ಬಂದು ಕೂತವರು. ಅವರಿಗೆ ಆರಾಧನೆ ಮುಗಿದ ಕೂಡಲೇ ಬೆಂಚಿನ ಹತ್ತಿರ ಹೋಗಿ ತಪ್ಪು ಎಣಿಸಬೇಡಿ. ವಾರದ ಮಧ್ಯೆ ಮನೆಗೆ ಹೋಗಿ. ಇಬ್ಬರೇ ಹೋಗಿ, ಅದರಲ್ಲಿ ಒಬ್ಬರು ಹಾಡುವವರಾಗಿರಲಿ. ಹೀಗೆ ಶುರು ಮಾಡಬಹುದು:

"ಅಂಕಲ್, ಹಾಡಿನ ವಿಷಯ ಸ್ವಲ್ಪ ಮಾತಾಡೋಣ ಅಂತ ಬಂದ್ವಿ. ನಿಮಗೆ ನುಡಿಸುವಾಗ ಏನು ಕಷ್ಟ ಆಗ್ತಿದೆ?"

ಈ ಪ್ರಶ್ನೆ ಕೇಳಿ ಸುಮ್ನೆ ಕೂತುಕೊಳ್ಳಿ. ಉತ್ತರ ಕೇಳಿದರೆ ನಿಮಗೇ ಆಶ್ಚರ್ಯ ಆಗಬಹುದು. "ನಂಬರ್ ಶನಿವಾರ ರಾತ್ರಿ ಹತ್ತು ಗಂಟೆಗೆ ಬರುತ್ತೆ." "ಬೆಳಕು ಸಾಲಲ್ಲ, ಪುಸ್ತಕ ಕಾಣಲ್ಲ." "ಬೆರಳು ಮೊದಲಿನ ಹಾಗೆ ಬಗ್ಗಲ್ಲ ಕಣಮ್ಮ." ಒಂದೊಂದಕ್ಕೂ ಬೇರೆ ಪರಿಹಾರ. ಅವರು ಹೇಳಿದ್ದರಲ್ಲಿ ಕಮಿಟಿ ಕೈಯಲ್ಲಿ ಆಗುವ ಒಂದನ್ನು ಅದೇ ವಾರ ಮಾಡಿ ತೋರಿಸಿ. ಆಮೇಲೆ ನೀವು ಹೇಳಬೇಕಾದ್ದನ್ನು ಹೇಳಿ, ಅದೂ ಒಂದೇ ವಿಷಯ: "ಚರಣ ಚರಣದ ಮಧ್ಯೆ ನಾವು ಎಲ್ಲಿ ಸೇರಬೇಕು ಅಂತ ಗೊತ್ತಾಗ್ತಿಲ್ಲ ಅಂಕಲ್, ಅದೊಂದು ಈ ತಿಂಗಳು ಸರಿ ಮಾಡ್ಕೊಳ್ಳೋಣ್ವಾ?" ಹತ್ತು ತಪ್ಪು ಒಟ್ಟಿಗೆ ಹೇಳಿದರೆ ಯಾವುದೂ ಸರಿಹೋಗುವುದಿಲ್ಲ, ಮನಸ್ಸು ಮಾತ್ರ ಮುರಿಯುತ್ತದೆ.

3. ಪಟ್ಟಿ ಬುಧವಾರಕ್ಕೆ ಕೈಗೆ ಸಿಗಬೇಕು

ಇದು ಅಯ್ಯನವರ, ಅಂದರೆ ಪಾಸ್ಟರ್ ಅವರ ಕೆಲಸ. ಪ್ರಸಂಗ ಇನ್ನೂ ತಯಾರಾಗಿರುವುದಿಲ್ಲ, ಹಾಡು ಹೇಗೆ ಆರಿಸುವುದು ಅನ್ನುತ್ತಾರೆ. ಓದುವ ವಾಕ್ಯಭಾಗ ಮೊದಲೇ ಗೊತ್ತಿರುತ್ತದಲ್ಲ, ಅದರಿಂದಲೇ ಆರಿಸಬಹುದು. ತಿಂಗಳಿಗೊಮ್ಮೆ ಅಯ್ಯನವರು, ಕ್ವಾಯರ್ ಮಾಸ್ಟರ್, ಆರ್ಗನಿಸ್ಟ್ ಮೂವರೂ ಅರ್ಧ ಗಂಟೆ ಕೂತು ನಾಲ್ಕು ವಾರದ ಪಟ್ಟಿ ಮಾಡಿಬಿಟ್ಟರೆ ಎಲ್ಲರಿಗೂ ನೆಮ್ಮದಿ. ಆರಾಧನೆಯ ಮಧ್ಯೆ "ಈಗ ಇನ್ನೊಂದು ಹಾಡು ಹಾಡೋಣ" ಅಂತ ನಂಬರ್ ಬದಲಿಸುವ ಅಭ್ಯಾಸ ಇದ್ದರೆ ದಯವಿಟ್ಟು ನಿಲ್ಲಿಸಿ. ನುರಿತವರು ನಿಭಾಯಿಸುತ್ತಾರೆ, ಕಲಿಯುತ್ತಿರುವವರ ಕೈ ಅಲ್ಲೇ ನಡುಗಲು ಶುರುವಾಗುತ್ತದೆ.

ಪಟ್ಟಿಯಲ್ಲಿ ನಂಬರ್ ಜೊತೆ ಧಾಟಿಯ ಹೆಸರೂ ಬೇಕು. ಎಷ್ಟೋ ಸಭೆಗಳಲ್ಲಿ ಕೈಯಲ್ಲಿರುವ ಕನ್ನಡ ಪುಸ್ತಕದಲ್ಲಿ ಪದ ಮಾತ್ರ ಇರುತ್ತದೆ, ಸ್ವರ ಇರುವುದಿಲ್ಲ. ಆರ್ಗನಿಸ್ಟ್ ಇಂಗ್ಲಿಷ್ ಪುಸ್ತಕ ಬೇರೆ ತೆರೆದು ಅಳತೆಗೆ ಹೊಂದುವ ಧಾಟಿ ಹುಡುಕಬೇಕು. 8.8.8.8 ಅಂದರೆ ಸಾಲಿಗೆ ಎಂಟೆಂಟು ಅಕ್ಷರ, 8.6.8.6 ಅಂದರೆ ಎಂಟು, ಆರು, ಎಂಟು, ಆರು. ಒಂದೇ ಅಳತೆಗೆ ಹತ್ತಾರು ಧಾಟಿ ಇರುವುದರಿಂದ ನಿಮ್ಮ ಸಭೆ ಯಾವುದನ್ನು ಹಾಡುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಆರ್ಗನ್ ಹತ್ತಿರವೇ ಇಡಿ. ಹೊಸಬರು ಬಂದಾಗ ಆ ನೋಟ್‌ಬುಕ್ ಬಂಗಾರದ ಬೆಲೆ.

4. ವಾದ್ಯವನ್ನೂ ಒಮ್ಮೆ ನೋಡಿ

ಕೆಲವು ಸಲ ದೂರು ಬರುವುದು ನುಡಿಸುವವರ ಮೇಲೆ, ತಪ್ಪು ಮಾತ್ರ ಬಟನ್ನಿನದು. ಕೀಬೋರ್ಡಿನಲ್ಲಿ ಚರ್ಚ್ ಆರ್ಗನ್ ದನಿ ಆರಿಸಿ, ರಿದಂ ಪೂರ್ತಿ ಬಂದ್ ಮಾಡಿ, ರಿವರ್ಬ್ (ದನಿಗೆ ಪ್ರತಿಧ್ವನಿ ಸೇರಿಸುವುದು) ಇಳಿಸಿ. ಹಡ್ಸನ್ ಸರ್ಕಲ್ಲಿನಲ್ಲಿ 1904ರಿಂದ ನಿಂತಿರುವ ಹಡ್ಸನ್ ಸ್ಮಾರಕ ಚರ್ಚಿನಂಥ ಎತ್ತರದ ಕಲ್ಲಿನ ಕಟ್ಟಡದಲ್ಲಿ ಸ್ವರ ತಾನಾಗಿಯೇ ಗುಂಯ್ ಅನ್ನುತ್ತದೆ, ಅದರ ಮೇಲೆ ಕೀಬೋರ್ಡಿನ ಗುಂಯ್ ಸೇರಿದರೆ ಎಲ್ಲ ಕಲಸಿಹೋಗುತ್ತದೆ. ಡಿಜಿಟಲ್ ಆರ್ಗನ್ ಆದರೆ ಸಭೆ ಹಾಡಲು 8 ಅಡಿ ಮತ್ತು 4 ಅಡಿಯ ಪ್ರಿನ್ಸಿಪಲ್ ಸ್ಟಾಪ್ ಸಾಕು (ಸ್ಟಾಪ್ ಅಂದರೆ ದನಿ ಆರಿಸುವ ಗುಂಡಿ; ಅಡಿ ಕಡಿಮೆಯಾದಷ್ಟೂ ಸ್ವರ ಮೇಲೆ). ಕೊನೆಯ ಚರಣಕ್ಕೆ 2 ಅಡಿ ಸೇರಿಸಿ. ಸ್ವರ ನಡುಗಿಸುವ ಟ್ರೆಮ್ಯುಲಂಟ್ ಹಾಡುವಾಗ ಬೇಡವೇ ಬೇಡ.

ಟ್ರಾನ್ಸ್‌ಪೋಸ್ ಬಟನ್ (ಇಡೀ ಹಾಡಿನ ಶ್ರುತಿ ಏರಿಸುವ, ಇಳಿಸುವ ಬಟನ್) ಬಳಸಲು ನಾಚಿಕೆ ಪಡಬೇಡಿ. ಬೆಳಗಿನ ಮೊದಲ ಆರಾಧನೆಗೆ ಬಂದವರ ಗಂಟಲು ಇನ್ನೂ ತೆರೆದಿರುವುದಿಲ್ಲ. ಧಾಟಿಯ ತುತ್ತತುದಿ ಸ್ವರ ಮೇಲಿನ ಡಿ ಅಥವಾ ಇ ಫ್ಲಾಟ್ ದಾಟಿದರೆ ಗಂಡಸರು ಹಾಡು ನಿಲ್ಲಿಸುತ್ತಾರೆ. ಎರಡು ಮನೆ ಇಳಿಸಿ, ಗಿಟಾರಿನವರಿಗೆ ಮೊದಲೇ ಹೇಳಿ, ಎದ್ದು ಹೋಗುವ ಮುಂಚೆ ಬಟನ್ ಸೊನ್ನೆಗೆ ತಂದಿಡಿ. ಇಲ್ಲದಿದ್ದರೆ ಮುಂದಿನ ಆರಾಧನೆಗೆ ಬಂದು ಕೂರುವವರ ಪಾಡು ಕೇಳಬೇಡಿ. ಇನ್ನು ಸ್ಟೂಲಿನ ಎತ್ತರ, ಪುಸ್ತಕದ ಮೇಲೆ ಒಂದು ದೀಪ, ಕರೆಂಟ್ ಹೋದರೆ ಯುಪಿಎಸ್, ಇವೆಲ್ಲ ಒಂದು ಕಮಿಟಿ ಮೀಟಿಂಗಿನಲ್ಲಿ ಮುಗಿಯುವ ಕೆಲಸ.

5. ನುಡಿಸುವವರಿಗೆ: ಒಂದು ಹಾಡನ್ನು ಹೀಗೆ ತಯಾರು ಮಾಡಿ

ಪಿಯಾನೋ ಕಲಿತು ಬಂದವರಿಗೆ ಮೊದಲು ಕಾಡುವುದು ಆರ್ಗನ್ನಿನ ಸ್ವಭಾವ. ಪಿಯಾನೋದಲ್ಲಿ ಕಾಲಿನ ಪೆಡಲ್ ಒತ್ತಿ ಸ್ವರ ಎಳೆಯಬಹುದು. ಆರ್ಗನ್ನಿನಲ್ಲಿ ಬೆರಳೆತ್ತಿದರೆ ಸ್ವರ ಅಲ್ಲೇ ಕಟ್. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಶಬ್ದ ಒಂದೇ. ಹಾಗಾಗಿ ಎಲ್ಲವೂ ಬೆರಳು ಯಾವಾಗ ಇಳಿಯುತ್ತದೆ, ಯಾವಾಗ ಏಳುತ್ತದೆ ಅನ್ನುವುದರ ಮೇಲೆ ನಿಂತಿದೆ.

ಅಭ್ಯಾಸಕ್ಕೆ ಎಲ್ಲರಿಗೂ ಪರಿಚಯ ಇರುವ ನಾಲ್ಕು ಸಾಲಿನ ಧಾಟಿ ತೆಗೆದುಕೊಳ್ಳಿ. 1551ರಿಂದ ಹಾಡುತ್ತಾ ಬಂದಿರುವ, 8.8.8.8 ಅಳತೆಯ "ಓಲ್ಡ್ ಹಂಡ್ರೆಡ್ತ್" ಚೆನ್ನಾಗಿ ಹೊಂದುತ್ತದೆ. ಮೊದಲು ಕೀ ಮುಟ್ಟಲೇ ಬೇಡಿ. ಕನ್ನಡ ಪದಗಳನ್ನು, ಎಲ್ಲ ಚರಣಗಳನ್ನೂ, ಗಟ್ಟಿಯಾಗಿ ಓದಿ. ನಮ್ಮ ಅನುವಾದದ ಹಾಡುಗಳಲ್ಲಿ ಮೊದಲ ಚರಣ ಧಾಟಿಗೆ ಸರಿಯಾಗಿ ಕೂರುತ್ತದೆ, ಮೂರನೇ ಚರಣದಲ್ಲಿ ಒಂದು ಅಕ್ಷರ ಜಾಸ್ತಿ ಬಂದು ಒಂದು ಸ್ವರವನ್ನು ಎರಡಾಗಿ ಒಡೆಯಬೇಕಾಗುತ್ತದೆ. ಆ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಎಲ್ಲಿ ಅರ್ಥ ಮುಗಿಯುತ್ತದೋ, ಎಲ್ಲಿ ಜನ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೂ ಗುರುತು ಮಾಡಿ.

ಆಮೇಲೆ ಬಲಗೈಯಲ್ಲಿ ಧಾಟಿ ಮಾತ್ರ, ಬಾಯಲ್ಲಿ ಹಾಡುತ್ತಾ. ನಂತರ ಎಡಗೈಯಲ್ಲಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ ಮಾತ್ರ. ಆಮೇಲೆ ಎರಡೂ ಸೇರಿಸಿ. ಇಷ್ಟು ಗಟ್ಟಿಯಾಯಿತು ಅಂದರೆ ಭಾನುವಾರಕ್ಕೆ ಸಾಕು, ನಿಜವಾಗಿ ಹೇಳುತ್ತಿದ್ದೇನೆ. ಧಾಟಿ ಮತ್ತು ಬೇಸ್ ಎರಡೇ ಸ್ಪಷ್ಟವಾಗಿ ಬಂದರೆ ತಡವರಿಸುವ ನಾಲ್ಕು ಸ್ವರಕ್ಕಿಂತ ಸಭೆಗೆ ಎಷ್ಟೋ ಮೇಲು. ನಡುವಿನ ಆಲ್ಟೋ, ಟೆನರ್ ಮುಂದಿನ ತಿಂಗಳು ಸೇರಿಸಿಕೊಳ್ಳಿ. ಫೋನಿನಲ್ಲಿ ಎಣಿಕೆ ತಟ್ಟುವ ಮೆಟ್ರೋನೋಮ್ ಹಾಕಿಕೊಂಡು ನಿಮಿಷಕ್ಕೆ 60ರಲ್ಲಿ ಶುರು ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ತಪ್ಪಿದರೆ ಹಿಂದೆ ಹೋಗಿ ತಿದ್ದುವ ಅಭ್ಯಾಸ ಮನೆಯಲ್ಲೇ ಬಿಡಿ. ಎಡಗೈ ಬಿಟ್ಟುಹೋದರೂ ಬಲಗೈ ನಡೆಯುತ್ತಿರಲಿ.

ಧಾಟಿಯಲ್ಲಿ ಒಂದೇ ಸ್ವರ ಎರಡು ಸಲ ಬಂದಾಗ ಬೆರಳನ್ನು ಸ್ಪಷ್ಟವಾಗಿ ಎತ್ತಿ ಮತ್ತೆ ಒತ್ತಬೇಕು. ಒತ್ತಿಹಿಡಿದು ಬಿಟ್ಟರೆ ಎರಡು ಸ್ವರ ಒಂದಾಗಿ ಕೇಳುತ್ತದೆ, ಸಭೆಗೆ ಎಣಿಕೆ ಸಿಗುವುದಿಲ್ಲ. ನಡುವಿನ ಸ್ವರಗಳಲ್ಲಿ ಹಾಗೆ ಬಂದರೆ ಹಿಡಿದಿಟ್ಟರೂ ನಡೆಯುತ್ತದೆ, ದನಿ ಕಡಿಯದೆ ಇರುತ್ತದೆ.

ಇನ್ನು ಚರಣದ ನಡುವಿನ ಜಾಗ. ನನಗೆ ಕೇಳಿದರೆ ಸಭೆಯ ಹಾಡು ಉಳಿಯುವುದೂ ಕೆಡುವುದೂ ಇಲ್ಲೇ. ಚರಣದ ಕೊನೆಯ ಕಾರ್ಡನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪನ್ನು) ಪೂರ್ತಿ ಎಣಿಕೆ ಹಿಡಿಯಿರಿ, ಇನ್ನೊಂದು ಎಣಿಕೆ ಸೇರಿಸಿ, ಎರಡೂ ಕೈ ಒಟ್ಟಿಗೆ ಎತ್ತಿ, ಒಂದು ಎಣಿಕೆ ಪೂರ್ತಿ ನಿಶ್ಶಬ್ದ, ಅದೇ ಓಟದಲ್ಲಿ ಮುಂದಿನ ಚರಣ. ಆ ಒಂದು ಎಣಿಕೆಯ ನಿಶ್ಶಬ್ದದಲ್ಲಿ ಇಡೀ ಸಭೆ ಉಸಿರು ಎಳೆದುಕೊಳ್ಳುತ್ತದೆ. ಕಂಡಕ್ಟರ್ ಸೀಟಿ ಹೊಡೆದಾಗ ಬಸ್ ಹೊರಡುತ್ತದೆ ಅಂತ ಎಲ್ಲರಿಗೂ ಗೊತ್ತಿರುವ ಹಾಗೆ, ಕೈ ಎತ್ತಿದ ಕೂಡಲೇ ಮುಂದಿನ ಎಣಿಕೆಗೆ ಹಾಡಬೇಕು ಅಂತ ಜನರಿಗೆ ಎರಡೇ ಚರಣದಲ್ಲಿ ರೂಢಿಯಾಗುತ್ತದೆ. ಆದರೆ ಪ್ರತಿ ಚರಣಕ್ಕೂ ಜಾಗ ಒಂದೇ ಇರಬೇಕು. ಒಮ್ಮೆ ಎರಡು ಎಣಿಕೆ, ಒಮ್ಮೆ ಐದು ಎಣಿಕೆ ಆದರೆ ಯಾರೂ ಧೈರ್ಯವಾಗಿ ಶುರು ಮಾಡುವುದಿಲ್ಲ.

ಹಾಡಿಗೆ ಮುಂಚೆ ಒಂದು ಸಾಲು ನುಡಿಸುತ್ತೀರಲ್ಲ, ಅದು ಹಾಡುವ ಓಟದಲ್ಲೇ ಇರಲಿ. ನಿಧಾನವಾಗಿ ಶುರು ಮಾಡಿ ಆಮೇಲೆ ಓಡಿದರೆ ಜನ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

6. ಕೀರ್ತನೆಗೆ ಬೇರೆ ಕೈ ಬೇಕು

ನಮ್ಮ ಸಭೆಗಳಲ್ಲಿ ಪಾಶ್ಚಾತ್ಯ ಧಾಟಿಯ ಗೀತೆಗಳ ಜೊತೆ ರಾಗ ತಾಳದ ಕೀರ್ತನೆಗಳೂ ಇವೆ. ಇಲ್ಲಿ ಎಷ್ಟೋ ಒಳ್ಳೆಯ ಪಿಯಾನೋ ಕೈಗಳೂ ಎಡವುತ್ತವೆ. ಶಂಕರಾಭರಣದ ಹಾಡಾದರೆ ಪರವಾಗಿಲ್ಲ, ಅದು ಮೇಜರ್ ಸ್ಕೇಲೇ. ಮಾಯಾಮಾಳವಗೌಳದ ಹಾಡಿಗೆ ಸಿ ಶ್ರುತಿಯಲ್ಲಿ ರಿಷಭ ಡಿ ಫ್ಲಾಟ್ ಆಗುತ್ತದೆ. ಅಭ್ಯಾಸಬಲದಿಂದ ಜಿ ಮೇಜರ್ ಕಾರ್ಡ್ ಹಾಕಿದರೆ ಅದರೊಳಗೆ ಫ್ಲಾಟ್ ಅಲ್ಲದ ಮಾಮೂಲಿ ಡಿ ಇರುತ್ತದೆ, ಹಾಡುವವರ ಬಾಯಲ್ಲಿ ಡಿ ಫ್ಲಾಟ್ ಇರುತ್ತದೆ. ಎರಡೂ ಗುದ್ದಿಕೊಂಡು ಕಿವಿ ಕಚ್ಚುತ್ತದೆ. ಜನ "ಆರ್ಗನ್ ಅಪಸ್ವರ" ಅನ್ನುವುದು ಇದಕ್ಕೇ. ಮೋಹನದಲ್ಲಿ ಮಧ್ಯಮವೂ ನಿಷಾದವೂ ಇಲ್ಲ, ಸಿ ಶ್ರುತಿಯಲ್ಲಿ ಮಧ್ಯಮ ಅಂದರೆ ಎಫ್, ಹಾಗಾಗಿ ಅಲ್ಲಿ ಎಫ್ ಕಾರ್ಡ್ ತುರುಕಿದರೆ ರಾಗದ ಬಣ್ಣವೇ ಹೋಗುತ್ತದೆ.

ಸುಲಭದ ದಾರಿ ಹೇಳುತ್ತೇನೆ. ಎಡಗೈಯಲ್ಲಿ ಷಡ್ಜ, ಪಂಚಮ ಎರಡೇ ಹಿಡಿದು ಶ್ರುತಿ ಕೊಡಿ. ಬಲಗೈಯಲ್ಲಿ ಹಾಡುವವರ ಜೊತೆ ಧಾಟಿ ನುಡಿಸಿ, ಅವರು ಗಮಕ ಮಾಡುವ ಕಡೆ ಸುಮ್ಮನಿರಿ. ಆರ್ಗನ್ನಿನಲ್ಲಿ ಗಮಕ ಬರುವುದಿಲ್ಲ, ಅದನ್ನು ಹಾಡುವವರಿಗೆ ಬಿಡಬೇಕು. ತಬಲಾ ಅಥವಾ ಢೋಲಕ್ ಇದ್ದರೆ ಲಯ ಅವರ ಕೈಯಲ್ಲಿರಲಿ. ಪಲ್ಲವಿ ತಾಳದ ಮೊದಲ ಏಟಿಗೇ ಶುರುವಾಗುತ್ತದೋ, ಏಟು ಬಿದ್ದ ಮೇಲೆ ಶುರುವಾಗುತ್ತದೋ ಅಂತ ಹಿರಿಯ ಆಂಟಿಯರೊಬ್ಬರ ಹತ್ತಿರ ಕೂತು ಕೈಯಲ್ಲಿ ತಾಳ ಹಾಕಿ ಕಲಿಯಿರಿ. ಪುಸ್ತಕದಲ್ಲಿ ಇದು ಸಿಗುವುದಿಲ್ಲ.

7. ಒಬ್ಬರ ಮೇಲೆ ಎಲ್ಲ ಭಾರ ಹಾಕಬೇಡಿ

ಸಂಡೇ ಸ್ಕೂಲಿನಲ್ಲೇ ನೋಡಿ, ಲಂಡನ್ನಿನ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪಿಯಾನೋ ಪರೀಕ್ಷೆ ಬರೆಯುತ್ತಿರುವ ಮಕ್ಕಳು ಇರುತ್ತಾರೆ. ಒಂದರಿಂದ ಎಂಟರವರೆಗಿನ ಗ್ರೇಡಿನಲ್ಲಿ ನಾಲ್ಕನೆಯದು ಮುಟ್ಟಿದ ಹುಡುಗಿ ಧಾಟಿ, ಬೇಸ್ ನುಡಿಸಬಲ್ಲಳು. ಆದರೆ ಗ್ರೇಡ್ ಪಾಸಾದ ಮಾತ್ರಕ್ಕೆ ಸಭೆ ಹಾಡಿಸಲು ಬರುತ್ತದೆ ಅಂದುಕೊಳ್ಳಬೇಡಿ. ಪರೀಕ್ಷೆಯಲ್ಲಿ ತಿಂಗಳುಗಟ್ಟಲೆ ತಿದ್ದಿದ ಮೂರು ನಾಲ್ಕು ತುಣುಕು, ಇಲ್ಲಿ ವಾರಕ್ಕೆ ಐದು ಹೊಸ ಹಾಡು, ಜೊತೆಗೆ ನೂರಾರು ಜನ. ಅವಳಿಗೆ ತಿಂಗಳಿಗೆ ಒಂದೇ ಹಾಡು ಕೊಡಿ, ಕಾಣಿಕೆಯ ಹಾಡು ಆಗಬಹುದು. ಈಗಿನ ಆರ್ಗನಿಸ್ಟ್ ಪಕ್ಕದಲ್ಲೇ ಕೂತಿರಲಿ. ಹಿರಿಯರಿಗೆ ಕಲಿಸುವ ಗೌರವ ಸಿಗುತ್ತದೆ, ಮಗುವಿಗೆ ಧೈರ್ಯ ಸಿಗುತ್ತದೆ, ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗಂತೂ ಗೊತ್ತಿಲ್ಲ.

ಕಮಿಟಿ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಬೇಕು. ಕ್ರಿಸ್ಮಸ್ ಲೈಟಿಂಗಿಗೆ, ಶಾಮಿಯಾನಕ್ಕೆ, ಹೊಸ ಸ್ಪೀಕರಿಗೆ ದುಡ್ಡು ಹುಟ್ಟುತ್ತದೆ, ನುಡಿಸುವವರ ಪಾಠಕ್ಕೆ ಹುಟ್ಟುವುದಿಲ್ಲ ಅಂದರೆ ಹೇಗೆ? ಆರ್.ಟಿ. ನಗರದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಶಾಲೆಗಳಿವೆ, ಬಡಾವಣೆಗೊಬ್ಬರು ಪಿಯಾನೋ ಟೀಚರ್ ಇದ್ದಾರೆ. ಫೀಸಿನ ಅರ್ಧ ಸಭೆ ಕೊಡಲಿ, ಬದಲಿಗೆ ಆ ಹುಡುಗ ಎರಡು ವರ್ಷ ಸರದಿಯಲ್ಲಿ ನುಡಿಸಲಿ ಅಂತ ಬಾಯಿಮಾತಿನಲ್ಲಲ್ಲ, ಬರೆದು ಒಪ್ಪಿಕೊಳ್ಳಿ. ನಿಯಮಿತವಾಗಿ ನುಡಿಸುವವರಿಗೆ ಗೌರವಧನ ಕೊಡಿ, ಮದುವೆಗೆ ನುಡಿಸಿದರೆ ಮದುವೆಯವರಿಂದ ಬೇರೆ. ದುಡ್ಡು ತೆಗೆದುಕೊಳ್ಳುವವರ ಹತ್ತಿರ "ಶುಕ್ರವಾರ ಸಂಜೆ ಕ್ವಾಯರ್ ಪ್ರಾಕ್ಟೀಸಿಗೆ ಬರಲೇಬೇಕು" ಅಂತ ಕೇಳುವ ಬಾಯಿಯೂ ನಮಗೆ ಇರುತ್ತದೆ. ವಾರದಲ್ಲಿ ಎರಡು ಸಂಜೆ ಚರ್ಚಿನ ಬೀಗದ ಕೈ ಅವರಿಗೆ ಸಿಗುವ ಹಾಗೆ ಮಾಡಿ. ಮನೆಯ ಸಣ್ಣ ಕೀಬೋರ್ಡಿನಲ್ಲಿ ಕಲಿತದ್ದು ದೊಡ್ಡ ಆರ್ಗನ್ನಿನಲ್ಲಿ ಹಾಗೇ ಬರುವುದಿಲ್ಲ.

8. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಆರು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ ಮೇಲೂ ಲಯ ನಿಲ್ಲುತ್ತಿಲ್ಲ ಅಂದರೆ ಕೆಲಸ ಹಂಚಬೇಕಾಗುತ್ತದೆ. ತೆಗೆದುಹಾಕಬೇಡಿ. ಆರಾಧನೆಗೆ ಮುಂಚಿನ ಮೆಲ್ಲನೆಯ ಸಂಗೀತ, ಕಮ್ಯುನಿಯನ್ ಹೊತ್ತಿನ ವಾದನ ಅವರದೇ ಆಗಿರಲಿ, ಅಲ್ಲಿ ಸಭೆಯನ್ನು ನಡೆಸುವ ಒತ್ತಡ ಇರುವುದಿಲ್ಲ. ಸಭೆ ಹಾಡುವ ಹಾಡುಗಳನ್ನು ಬೇರೆಯವರು ನುಡಿಸಲಿ. ಇದನ್ನು ಅಯ್ಯನವರೇ ಖುದ್ದಾಗಿ ಹೋಗಿ ಹೇಳಬೇಕು, ಸೆಕ್ರೆಟರಿಯ ಪತ್ರದಲ್ಲಿ ಬರಬಾರದು. ಸಭೆಯ ಮುಂದೆ ಅವರ ಸೇವೆಗೆ ವಂದನೆ ಹೇಳುವುದನ್ನೂ ಮರೆಯಬೇಡಿ.

ಬದಲಿಗೆ ಯಾರೂ ಸಿಗದಿದ್ದರೆ ಪೆನ್‌ಡ್ರೈವ್ ಟ್ರ್ಯಾಕ್ ಹಾಕುವ ಆಸೆ ಬರುತ್ತದೆ. ನಾನು ಬೇಡ ಅನ್ನುತ್ತೇನೆ. ಟ್ರ್ಯಾಕ್ ಯಾರ ಉಸಿರಿಗೂ ನಿಲ್ಲುವುದಿಲ್ಲ, ಮುದುಕರಿಗೂ ಮಕ್ಕಳಿಗೂ ಜಾಗ ಬಿಡುವುದಿಲ್ಲ, ನಾಲ್ಕು ಚರಣದ ಹಾಡನ್ನು ಮೂರಕ್ಕೆ ನಿಲ್ಲಿಸಬೇಕೆಂದರೂ ಆಗುವುದಿಲ್ಲ. ಅದಕ್ಕಿಂತ ಒಂದು ಹಾಡನ್ನು ವಾದ್ಯವೇ ಇಲ್ಲದೆ ಹಾಡಿ. ಗಟ್ಟಿ ದನಿಯ ಇಬ್ಬರು ಮುಂದೆ ನಿಲ್ಲಲಿ, ಒಬ್ಬರು ಕೀಬೋರ್ಡಿನಲ್ಲಿ ಮೊದಲ ಸ್ವರ ಮಾತ್ರ ಕೊಡಲಿ. ಎಲ್ಲರಿಗೂ ಬಾಯಿಪಾಠ ಇರುವ ಹಾಡನ್ನೇ ಆರಿಸಿ, ಶ್ರುತಿ ಸ್ವಲ್ಪ ಕೆಳಗಿರಲಿ, ಕ್ವಾಯರಿನವರು ಒಂದೇ ಕಡೆ ಗುಂಪಾಗಿ ನಿಲ್ಲದೆ ಸಭೆಯ ಮಧ್ಯೆ ಅಲ್ಲಲ್ಲಿ ಹರಡಿ ಕೂರಲಿ.